ಆರಡಿ ನಾಲ್ಕಡಿ ನೆಲದ ಲೆಕ್ಕ

ಸಿಮೆಂಟ್ ಚೀಲಗಳನ್ನು ಬಿಡಿಸಿ, ಒಂದಕ್ಕೊಂದು ಸೇರಿಸಿ ಹೊಲಿದ ಹಾಸು. ಅದರ ಮೇಲೆ ಒಂದು ಕಡೆ ಬಾಳೆಹಣ್ಣಿನ ಚಿಪ್ಪು, ಇನ್ನೊಂದು ಕಡೆ ನಿಂಬೆಹಣ್ಣಿನ ಗುಡ್ಡೆ, ನಡುವೆ ಒದ್ದೆ ಬಟ್ಟೆ ಮುಚ್ಚಿದ ಸೊಪ್ಪಿನ ಕಂತೆ, ಮೂಲೆಯಲ್ಲಿ ತಕ್ಕಡಿ. ಚಾಮರಾಜನಗರ ಜಿಲ್ಲೆಯ ಕಾಮಗೆರೆ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದು ನಮ್ಮ ಸೀಮೆಯ ಒಂದು ಸಂತೆಯಲ್ಲಿ ಕೂತಿದ್ದ ಆ ಅವ್ವನನ್ನು ಕೇಳಿ ಟೇಪು ಹಿಡಿದೆ. ಉದ್ದ ಆರಡಿ, ಅಗಲ ನಾಲ್ಕಡಿ. ಒಟ್ಟು 24 ಚದರ ಅಡಿ. ಸಾಮಾನೂ ಅಷ್ಟರಲ್ಲೇ, ಅವರೂ ಅಷ್ಟರಲ್ಲೇ. ಕಾಲು ಚಾಚಿದರೆ ಪಾದ ದಾರಿಗೆ ಬರುತ್ತದೆ.

ಅಳತೆ ಬರೆದುಕೊಳ್ಳುವಷ್ಟರಲ್ಲಿ ಸುಂಕದ ಹುಡುಗ ಬಂದ. ಅವ್ವ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಹತ್ತರ ಎರಡು ನೋಟು ಕೊಟ್ಟರು. ಹುಡುಗ ಮುಂದಿನ ಹಾಸಿಗೆ ಹೋದ. ಚೀಟಿ ಕೊಡಲಿಲ್ಲ. ಯಾಕವ್ವಾ ಚೀಟಿ ಕೇಳಲಿಲ್ಲ ಅಂದೆ.

"ಚೀಟಿಯ ಇಸ್ಕಂಡು ಏನ್ ಮಾಡದು ಕನಪ್ಪ? ಕೊಟ್ರೆ ಕೊಟ್ರು, ಇಲ್ದಿದ್ರೆ ಇಲ್ಲ. ಕೂರಕ್ಕೆ ಜಾಗ ಬುಟ್ರೆ ಸಾಕು."

ಆ ಎರಡು ನೋಟು ಮತ್ತು ಆ ಇಲ್ಲದ ಚೀಟಿ, ಇವೆರಡರ ಲೆಕ್ಕವನ್ನು ಪೂರ್ತಿ ಹಾಕಿ ನೋಡಬೇಕೆಂದು ಅಲ್ಲೇ ಅನ್ನಿಸಿತು. ಮನೆಗೆ ಬಂದು ಕಾಗದ ಹಿಡಿದು ಕೂತೆ.

ಮೊದಲು ನೆಲದ ಬೆಲೆ. 24 ಚದರ ಅಡಿಗೆ ದಿನಕ್ಕೆ 20 ರೂಪಾಯಿ ಅಂದರೆ ಚದರ ಅಡಿಗೆ ಸುಮಾರು 83 ಪೈಸೆ. ಕೇಳಲು ಏನೂ ಅಲ್ಲ. ವಾರಕ್ಕೆ ಒಂದೇ ಸಂತೆ ಮಾಡುವವರಿಗೆ ವರ್ಷಕ್ಕೆ 52 ಸಲ, 1,040 ರೂ. ವಾರಕ್ಕೆ ನಾಲ್ಕು ಊರಿನ ಸಂತೆ ಸುತ್ತುವವರಿಗೆ 208 ದಿನ, 4,160 ರೂ. ಒಂದೇ ಕಡೆ ದಿನವಹಿ ಕೂರುವವರು ವರ್ಷದಲ್ಲಿ 300 ದಿನ ಕೂತರೂ 6,000 ರೂ. ಈ ಕೊನೆಯ ಅಂಕಿಯನ್ನು 24 ಚದರ ಅಡಿಗೆ ಹಂಚಿದರೆ ಅಡಿಯೊಂದಕ್ಕೆ ವರ್ಷಕ್ಕೆ 250 ರೂ. ಬೀಳುತ್ತದೆ. ಇದೇ ದರದಲ್ಲಿ ಹತ್ತಡಿ ಹನ್ನೆರಡಡಿಯ, ಅಂದರೆ 120 ಚದರ ಅಡಿಯ ಮಳಿಗೆಯೊಂದಕ್ಕೆ ಬಾಡಿಗೆ ಕಟ್ಟಿದರೆ ವರ್ಷಕ್ಕೆ 30,000, ತಿಂಗಳಿಗೆ 2,500 ರೂ. ಆಯಿತು. ಮಳಿಗೆಗೆ ಆರ್‌ಸಿಸಿ ಮಾಡು ಇದೆ, ಷಟರ್ ಇದೆ, ಕರೆಂಟಿನ ಮೀಟರ್ ಇದೆ, ರಾತ್ರಿ ಸಾಮಾನು ಬಿಟ್ಟು ಬೀಗ ಹಾಕಿ ಹೋಗಬಹುದು. ಹಾಸಿಗೆ ಇದ್ಯಾವುದೂ ಇಲ್ಲ. ಮಳೆ ಬಂದರೆ ವ್ಯಾಪಾರ ಮುಗಿಯಿತು, ಕೊಟ್ಟ ಸುಂಕ ವಾಪಸು ಬರುವುದಿಲ್ಲ. ಸುಂಕ 20ರಿಂದ 25ಕ್ಕೆ ಹೋದರೆ, ಆ ಐದು ರೂಪಾಯಿ ಚದರ ಅಡಿಯ ಮೇಲೆ ವರ್ಷಕ್ಕೆ 62 ರೂ. 50 ಪೈಸೆಯಾಗಿ ಏರಿ ಕೂರುತ್ತದೆ. ಓದುಗರು ತಮ್ಮೂರಿನ ಸುಂಕವನ್ನು ಈ 20ರ ಜಾಗದಲ್ಲಿ ಇಟ್ಟು ತಾವೇ ಗುಣಿಸಿ ನೋಡಬಹುದು.

ಇನ್ನು ಈ ಹಣ ಹೋಗುವ ದಾರಿ. ನಮ್ಮಲ್ಲಿ ಸಂತೆ ಸುಂಕ, ದಿನವಹಿ ನೆಲವಳಿ, ಬಸ್ ನಿಲ್ದಾಣದ ಶುಲ್ಕ ಇವನ್ನೆಲ್ಲ ಸ್ಥಳೀಯ ಸಂಸ್ಥೆಯವರು ಸಾಮಾನ್ಯವಾಗಿ ತಾವೇ ವಸೂಲು ಮಾಡುವುದಿಲ್ಲ; ವಸೂಲಿಯ ಹಕ್ಕನ್ನೇ ಹರಾಜು ಹಾಕುತ್ತಾರೆ. ಹಣಕಾಸು ವರ್ಷ ಮುಗಿಯುವ ಹೊತ್ತಿಗೆ ಪ್ರಕಟಣೆ, ಠೇವಣಿ, ಸವಾಲು. ಹೆಚ್ಚು ಕೂಗಿದವರಿಗೆ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ಗುತ್ತಿಗೆ. ಕಳೆದ ವರ್ಷಕ್ಕಿಂತ ಸವಾಲು ಏರಿದರೆ ಆದಾಯ ಹೆಚ್ಚಿತೆಂದು ಎಲ್ಲರಿಗೂ ಸಮಾಧಾನ.

ಈ ಸಮಾಧಾನದ ಒಳಗಿನ ಲೆಕ್ಕ ಹೀಗಿದೆ. ಇದು ಯಾವ ಊರಿನ ಪುಸ್ತಕದ ಅಂಕಿಯೂ ಅಲ್ಲ, ಕೂಡಿ ಕಳೆಯಲು ಇಟ್ಟುಕೊಂಡದ್ದು. ಒಂದು ವಾರದ ಸಂತೆಗೆ 100 ಹಾಸು ಬೀಳುತ್ತವೆ, ನಿಗದಿಯಾದ ಸುಂಕ 20 ರೂ. ಅನ್ನೋಣ. ವರ್ಷಕ್ಕೆ 52 ಸಂತೆ, 5,200 ಹಾಸು. ನ್ಯಾಯವಾಗಿ ಬರಬೇಕಾದ್ದು 1,04,000 ರೂ. ಸವಾಲು 1,50,000ಕ್ಕೆ ನಿಂತಿತು ಅನ್ನೋಣ. ಗುತ್ತಿಗೆದಾರ ಸಂತೆಗೆ ಇಬ್ಬರು ಹುಡುಗರನ್ನು ತಲಾ 500 ರೂ. ಕೂಲಿಗೆ ಇಟ್ಟುಕೊಂಡರೆ ವರ್ಷಕ್ಕೆ 52,000. ಅವನ ಒಟ್ಟು ಖರ್ಚು 2,02,000 ರೂ. ಇದನ್ನು 5,200 ಹಾಸಿಗೆ ಹಂಚಿದರೆ ಒಂದಕ್ಕೆ ಸುಮಾರು 39 ರೂ. ಲಾಭದ ಮಾತು ಬಿಡಿ, ಅಸಲು ಹುಟ್ಟಬೇಕಾದರೂ ಪ್ರತಿ ಹಾಸಿನಿಂದ 39 ರೂ. ಬರಲೇಬೇಕು. ಹಾಗಾಗಿ ಹಾಸನ್ನು ಎರಡೆಂದು ಎಣಿಸುತ್ತಾರೆ, ಮೂಟೆಗಿಷ್ಟು ಪುಟ್ಟಿಗಿಷ್ಟು ಎನ್ನುತ್ತಾರೆ, ಚೀಟಿ ಹರಿಯುವುದಿಲ್ಲ. ಸುಂಕದ ಹುಡುಗನ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ. ಸವಾಲು ಮುಗಿದ ಗಳಿಗೆಯಲ್ಲೇ ಆ 39 ರೂಪಾಯಿ ತೀರ್ಮಾನವಾಗಿ ಹೋಗಿರುತ್ತದೆ. ಹಾಸು ಹಾಕಿ ಕೂರುವವರು ಯಾರೂ ಆ ಸಭೆಯಲ್ಲಿ ಇರುವುದಿಲ್ಲ.

ಮಾರುವವರ ಕಡೆಯಿಂದ ನೋಡಿದರೆ ಈ ಹತ್ತಿಪ್ಪತ್ತು ರೂಪಾಯಿಯ ತೂಕ ಗೊತ್ತಾಗುತ್ತದೆ. 800 ರೂ. ಮಾಲು ತಂದು 1,100ಕ್ಕೆ ಮಾರಿದರೆಂದು ಇಟ್ಟುಕೊಳ್ಳಿ. ಉಳಿಕೆ 300. ಅದರಲ್ಲಿ ಬಾಡಿದ್ದು, ಕೊಳೆತದ್ದು 40, ಮಾಲು ತರುವ ಆಟೋ 40, ಕಾಫಿ-ಊಟ 50, ಸುಂಕ 20. ಮನೆಗೆ ಹೋಗುವುದು 150. ಸುಂಕ 40 ಆದರೆ 130. ಹೆಚ್ಚಿದ ಆ 20 ರೂಪಾಯಿ ಮನೆಗೆ ಹೋಗುವ ದುಡ್ಡಿನಲ್ಲಿ ನೂರಕ್ಕೆ 13ನ್ನು ತಿನ್ನುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಟಿಕೆಟ್ ದುಡ್ಡು ಉಳಿಯಿತು. ಕಾಮಗೆರೆಯಿಂದ ಕೊಳ್ಳೇಗಾಲಕ್ಕೋ ಹನೂರಿಗೋ ಪುಟ್ಟಿ ಹೊತ್ತು ಹೋಗುವವರಿಗೆ ಅದು ದೊಡ್ಡ ಆಸರೆ. ಆದರೆ ಬಸ್ಸಿನಲ್ಲಿ ಉಳಿದದ್ದು ಸಂತೆಯ ಬಾಗಿಲಲ್ಲಿ ಹೋದರೆ ಉಳಿದಂತಾಗಲಿಲ್ಲ.

ಇಲ್ಲಿಯವರೆಗೆ ಬರೀ ಕೊಡುವ ಲೆಕ್ಕ. ಕೊಟ್ಟವರಿಗೆ ಸಿಗುವುದರ ಲೆಕ್ಕಕ್ಕೆ ಕಾನೂನಿನ ಪುಸ್ತಕ ತೆರೆಯಬೇಕು.

ಬೀದಿಯಲ್ಲಿ ಮಾರುವುದು ಅಪರಾಧವಲ್ಲ, ಅದೂ ಒಂದು ಕಸುಬು, ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆ ಅದಕ್ಕೂ ಇದೆ ಎಂದು ಸುಪ್ರೀಂ ಕೋರ್ಟ್ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ಗೈಂದಾ ರಾಮ್ ಪ್ರಕರಣದಲ್ಲಿ, 2010ರ ಅಕ್ಟೋಬರಿನಲ್ಲಿ, ಇದಕ್ಕೊಂದು ಕಾನೂನು ಮಾಡಿ ಎಂದು ಸರ್ಕಾರಕ್ಕೆ ಗಡುವು ಕೊಟ್ಟಿತು. ಕಾನೂನು ಬಂದದ್ದು 2014ರಲ್ಲಿ: ಬೀದಿ ಬದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ ಕಾಯ್ದೆ. ಆ ವರ್ಷದ ಮೇ 1ರಿಂದ ಜಾರಿ. ಮೊದಲ ತೀರ್ಪಿನಿಂದ ಕಾಯ್ದೆ ಜಾರಿಗೆ ಬರುವವರೆಗೆ ಹಿಡಿದದ್ದು 25 ವರ್ಷ.

ಈ ಕಾಯ್ದೆ ನಾನು ಓದಿದ ಕಾನೂನುಗಳಲ್ಲಿ ಬಡವರ ಕಡೆ ವಾಲಿ ನಿಂತ ಕೆಲವೇ ಕೆಲವುಗಳಲ್ಲಿ ಒಂದು. ಊರಿನ ಜನಸಂಖ್ಯೆಯ ಶೇ 2.5ರ ಮಿತಿಯವರೆಗೆ ವ್ಯಾಪಾರಿಗಳಿಗೆ ಜಾಗ ಹೊಂದಿಸಬೇಕು ಎನ್ನುತ್ತದೆ. ಐದು ವರ್ಷಕ್ಕೆ ಒಮ್ಮೆಯಾದರೂ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಮಾರಾಟದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ ಎಬ್ಬಿಸುವುದಾದರೆ 30 ದಿನದ ನೋಟಿಸ್ ಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಬರೆದು ಸಹಿ ಹಾಕಿ ಕೊಡಬೇಕು. ಕೇಳಿಕೊಂಡು ಬಂದವರಿಗೆ ಹೂವು-ಹಣ್ಣು-ಸೊಪ್ಪಿನಂಥ ಕೆಡುವ ಮಾಲನ್ನು ಅದೇ ದಿನ, ಕೆಡದ ಮಾಲನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಸೊಪ್ಪು ಮಾರುವವರಿಗೆ "ಅದೇ ದಿನ" ಎಂಬ ಎರಡು ಪದ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಿಲ್ಲ. ಮರುದಿನ ಕೈಗೆ ಬಂದರೆ ಅದು ದನದ ಮೇವು.

ವ್ಯಾಪಾರಿಯ ಮೇಲೂ ಕಟ್ಟುಪಾಡುಗಳಿವೆ. ಹದಿನಾಲ್ಕು ತುಂಬಿರಬೇಕು, ಬೇರೆ ಜೀವನೋಪಾಯ ಇರಬಾರದು, ತಾನೋ ಮನೆಯವರೋ ಕೂತು ಮಾರಬೇಕು, ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವಂತಿಲ್ಲ. ತೀರಿಕೊಂಡರೆ ಇಲ್ಲವೇ ದುಡಿಯಲಾಗದಂತಾದರೆ ಗಂಡ ಅಥವಾ ಹೆಂಡತಿಗೆ, ಇಲ್ಲವೇ ಆಸರೆಯಲ್ಲಿರುವ ಮಕ್ಕಳಿಗೆ ಹೋಗುತ್ತದೆ. ಪ್ರಮಾಣಪತ್ರವಿಲ್ಲದೆ ಮಾರಿದರೆ ಅಥವಾ ಷರತ್ತು ಮುರಿದರೆ ದಂಡ 2,000 ರೂ.ವರೆಗೆ. ನೋಟಿಸಿನ ಅವಧಿ ಮುಗಿದ ಮೇಲೂ ಏಳದಿದ್ದರೆ ದಿನಕ್ಕೆ 250 ರೂ.ವರೆಗೆ. ಜಾಗದ ಮೇಲೆ ಶಾಶ್ವತ ಹಕ್ಕು ಬರುವುದಿಲ್ಲ ಎಂದೂ ಕಾಯ್ದೆ ಬಿಡಿಸಿ ಹೇಳಿದೆ.

ಕೊಳ್ಳೇಗಾಲಕ್ಕೆ ಈ ಅಳತೆ ಹಿಡಿದು ನೋಡೋಣ. 2011ರ ಜನಗಣತಿಯಲ್ಲಿ ಕೊಳ್ಳೇಗಾಲ ಪಟ್ಟಣದ ಜನಸಂಖ್ಯೆ 57,149. ಅದರ ಶೇ 2.5 ಅಂದರೆ 1,428 ವ್ಯಾಪಾರಿಗಳು. ನಗರಸಭೆಯ 31 ವಾರ್ಡಿಗೆ ಸಮನಾಗಿ ಹಂಚಿದರೆ ವಾರ್ಡಿಗೆ 46. ಒಬ್ಬೊಬ್ಬರಿಗೆ ಆ ಅವ್ವನ ಹಾಸಿನ ಅಳತೆಯ 24 ಚದರ ಅಡಿ ಕೊಟ್ಟರೂ ಒಟ್ಟು ಬೇಕಾಗುವುದು 34,272 ಚದರ ಅಡಿ. ಎಕರೆಗೆ 43,560 ಚದರ ಅಡಿಯಂತೆ 32 ಗುಂಟೆಗೂ ಕಡಿಮೆ. ಓಡಾಡುವ ದಾರಿಗೆಂದು ಅಷ್ಟೇ ಜಾಗ ಸೇರಿಸಿದರೂ ಒಂದು ಎಕರೆ 23 ಗುಂಟೆ. ಇಡೀ ಪಟ್ಟಣದ ಬೀದಿ ವ್ಯಾಪಾರಕ್ಕೆ, ಕಾನೂನು ಹೇಳುವ ಗರಿಷ್ಠ ಲೆಕ್ಕದಲ್ಲೂ, ಬೇಕಾದ ನೆಲ ಇಷ್ಟೇ. ರಸ್ತೆಯೆಲ್ಲ ಇವರಿಂದಲೇ ತುಂಬಿಹೋಯಿತು ಎನ್ನುವವರು ಈ ಅಂಕಿಯನ್ನೊಮ್ಮೆ ಎದುರಿಗಿಟ್ಟುಕೊಳ್ಳಬೇಕು. ಒಂದು ಕಾರು ನಿಂತ ಜಾಗದಲ್ಲಿ ಇಂಥ ಮೂರು ಹಾಸು ಹಿಡಿಯುತ್ತವೆ.

ಇದನ್ನೆಲ್ಲ ತೀರ್ಮಾನಿಸಲು ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರು ವ್ಯಾಪಾರಿಗಳಿಂದಲೇ ಚುನಾಯಿತರಾಗಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಇಪ್ಪತ್ತು ಜನರ ಸಮಿತಿಯಾದರೆ ಎಂಟು ವ್ಯಾಪಾರಿಗಳು, ಅವರಲ್ಲಿ ಮೂವರು ಹೆಂಗಸರು. ಸುಂಕದ ಸವಾಲು ಕೂಗುವ ಸಭೆಯಲ್ಲಿ ಇಲ್ಲದವರಿಗೆ ಇಲ್ಲಿ ಕುರ್ಚಿ ಇದೆ.

ಇಷ್ಟೆಲ್ಲ ಇದ್ದೂ ಕಾಮಗೆರೆಗೆ ಏನೂ ಇಲ್ಲ. ಅದಕ್ಕೆ ಕಾರಣ ಕಾಯ್ದೆಯ ಒಂದೇ ಒಂದು ವ್ಯಾಖ್ಯೆ. ಸ್ಥಳೀಯ ಸಂಸ್ಥೆ ಎಂದರೆ ಮಹಾನಗರ ಪಾಲಿಕೆ, ಪುರಸಭೆ-ನಗರಸಭೆ, ಪಟ್ಟಣ ಪಂಚಾಯಿತಿ, ದಂಡು ಪ್ರದೇಶದ ಮಂಡಳಿ, ಇಂಥವು ಎಂದು ಅದು ಹೇಳುತ್ತದೆ. ಕೊಳ್ಳೇಗಾಲ ನಗರಸಭೆ ಇದರೊಳಗೆ ಬಂತು. ಹನೂರು ಮತ್ತು ಯಳಂದೂರು ಪಟ್ಟಣ ಪಂಚಾಯಿತಿಗಳು ಬಂದವು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯ ನಡುವೆ, ಮಹದೇಶ್ವರ ಬೆಟ್ಟದ ಬಸ್ಸುಗಳು ಹಾದುಹೋಗುವ ಕಾಮಗೆರೆ ಗ್ರಾಮ ಪಂಚಾಯಿತಿಯ ಊರು. ಅದು ಬರಲಿಲ್ಲ. ಸಮೀಕ್ಷೆ ಇಲ್ಲ, ಪ್ರಮಾಣಪತ್ರ ಇಲ್ಲ, 30 ದಿನದ ನೋಟಿಸ್ ಇಲ್ಲ, ಸಮಿತಿಯೂ ಇಲ್ಲ.

ಆದರೆ ಶುಲ್ಕ ಇದೆ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 199ನೇ ಪ್ರಕರಣ ಗ್ರಾಮ ಪಂಚಾಯಿತಿಗಳಿಗೆ ತೆರಿಗೆಗಳ ಜತೆ ಮಾರುಕಟ್ಟೆ ಶುಲ್ಕ, ಬಸ್ ನಿಲ್ದಾಣದ ಶುಲ್ಕ ಇಂಥವನ್ನು ವಸೂಲು ಮಾಡುವ ಅಧಿಕಾರ ಕೊಟ್ಟಿದೆ. ಕೊಡುವುದು ಪಟ್ಟಣದಲ್ಲೂ ಇದೆ, ಹಳ್ಳಿಯಲ್ಲೂ ಇದೆ. ಕೊಟ್ಟದ್ದಕ್ಕೆ ಪ್ರತಿಯಾಗಿ ಬರುವ ರಕ್ಷಣೆ ಮಾತ್ರ ಪಟ್ಟಣದ ಗಡಿಗಲ್ಲಿನ ಹತ್ತಿರ ನಿಂತುಬಿಡುತ್ತದೆ. ಒಂದೇ ಹೆಂಗಸು ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಮಾರಿ, ಸಾಯಂಕಾಲ ಉಳಿದದ್ದನ್ನು ತನ್ನೂರಿನ ಬಸ್ ಸ್ಟಾಪಿನಲ್ಲಿ ಹಾಸಿ ಕೂತರೆ, ಬೆಳಿಗ್ಗೆ ಅವಳು ಕಾನೂನಿನ ಕಣ್ಣಿಗೆ ಬೀದಿ ವ್ಯಾಪಾರಿ, ಸಾಯಂಕಾಲ ಯಾರೂ ಅಲ್ಲ.

ಗಡಿ ದಾಟಿದರೆ ಕಾನೂನು ಬದಲಾಗುವುದು ನಮ್ಮ ಸೀಮೆಗೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು, ಮೈಸೂರಿನ ಕಡೆ. ಮೂಟೆ ಹೊತ್ತು ಇಲ್ಲಿಂದ ಅಲ್ಲಿಗೆ ಹೋದವರು ಒಂದು ಸರ್ಕಾರ ಬಿಟ್ಟು ಇನ್ನೊಂದು ಸರ್ಕಾರಕ್ಕೆ ಕಾಲಿಡುತ್ತಿದ್ದರು. ಆ ಗಡಿ ಅಳಿಸಿಹೋಯಿತು. ಪಟ್ಟಣ-ಹಳ್ಳಿಯ ಗಡಿ ಉಳಿದಿದೆ, ಮತ್ತು 2014ರಲ್ಲಿ ಇನ್ನಷ್ಟು ದಪ್ಪವಾಯಿತು.

ಚಾಮರಾಜನಗರ ಜಿಲ್ಲೆಯ 10,20,791 ಜನರಲ್ಲಿ, 2011ರ ಗಣತಿಯಂತೆ, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಳ್ಳಿಗಳವರು. ಪಂಚಾಯತ್ ರಾಜ್ ಕಾಯ್ದೆ ಒಂದು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ ಇಟ್ಟಿರುವ ಅಳತೆ 5,000ದಿಂದ 7,000 ಜನ. ಪಟ್ಟಣದ ಶೇ 2.5ರ ಸೂತ್ರವನ್ನೇ ಇಲ್ಲೂ ಹಿಡಿದರೆ ಪಂಚಾಯಿತಿಯೊಂದಕ್ಕೆ 125ರಿಂದ 175 ವ್ಯಾಪಾರಿಗಳು. ಹೆಚ್ಚಿನ ಹಳ್ಳಿಗಳಿಗೆ ಅಷ್ಟು ಮಂದಿ ಬೇಕಿಲ್ಲ, ನಿಜ. ಹೆದ್ದಾರಿಯ ಊರಿಗೆ, ಆಸ್ಪತ್ರೆಯಿರುವ ಊರಿಗೆ ಬೇಕಾಗುತ್ತದೆ. ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆಗೆ ಸುತ್ತಲಿನ ಹಳ್ಳಿಗಳವರು ಬರುತ್ತಾರೆ. ರೋಗಿಯ ಜತೆ ಬಂದವರಿಗೆ ಎಳನೀರು ಬೇಕು, ಹಣ್ಣು ಬೇಕು, ಒಂದು ಲೋಟ ಕಾಫಿ ಬೇಕು. ಶಿವರಾತ್ರಿ ಹತ್ತಿರ ಬಂದಂತೆ ಬೆಟ್ಟಕ್ಕೆ ನಡೆದು ಹೋಗುವ ಭಕ್ತರು ಕೊಳ್ಳೇಗಾಲ, ಕಾಮಗೆರೆ, ಹನೂರು ದಾರಿಯಲ್ಲೇ ಸಾಗುತ್ತಾರೆ. ಅವರ ಬಾಯಾರಿಕೆಗೆ ಕಲ್ಲಂಗಡಿ, ಮಜ್ಜಿಗೆ, ಸೌತೆಕಾಯಿ. ಜನ ಕೂಡುವ ಕಡೆ ಕೂತು ಮಾರುವುದು ಹೆಚ್ಚುವರಿ ಕೆಲಸವಲ್ಲ, ದಾರಿಯ ಊರಿನ ಬದುಕೇ ಅದು. ಹೀಗೆ ಬಹುಕಾಲದಿಂದ ಕೊಳ್ಳುವವರೂ ಮಾರುವವರೂ ಕೂಡುತ್ತ ಬಂದ ಜಾಗಕ್ಕೆ ಕಾಯ್ದೆಯಲ್ಲಿ ಸಹಜ ಮಾರುಕಟ್ಟೆ ಎಂಬ ಹೆಸರಿದೆ, ಅದಕ್ಕೆ ವಿಶೇಷ ಮನ್ನಣೆಯೂ ಇದೆ. ಹಾಗಿದ್ದೂ ಆ ಮನ್ನಣೆ ಪಟ್ಟಣದ ಸಹಜ ಮಾರುಕಟ್ಟೆಗೆ ಮಾತ್ರ.

ಹೆದ್ದಾರಿ ಬದಿಯ ಊರುಗಳಲ್ಲಿ ಇನ್ನೊಂದು ತೊಡಕು, ನೆಲ ಯಾರದೆಂಬುದು. ರಸ್ತೆಯ ಅಂಚು ಲೋಕೋಪಯೋಗಿ ಇಲಾಖೆಯದು, ಊರೊಳಗಿನ ಸಂತೆ ಮಾಳ ಪಂಚಾಯಿತಿಯದು, ಸಾರಿಗೆ ಸಂಸ್ಥೆಯ ನಿಲ್ದಾಣದೊಳಗಿನ ಅಂಗಡಿ ಟೆಂಡರಿನಲ್ಲಿ ಗೆದ್ದವರದು. ಹತ್ತು ಮಾರು ಆಚೆ ಈಚೆ ಸರಿದರೆ ಧಣಿ ಬದಲಾಗುತ್ತಾನೆ. ಸುಂಕ ಒಬ್ಬರಿಗೆ ಕೊಟ್ಟಿರುತ್ತಾರೆ, ಎಬ್ಬಿಸಲು ಇನ್ನೊಬ್ಬರು ಬರುತ್ತಾರೆ.

ಪಟ್ಟಿಯಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ವ್ಯತ್ಯಾಸ ಎಷ್ಟು ರೂಪಾಯಿ ಎಂಬುದನ್ನು ಕೋವಿಡ್ ತೋರಿಸಿಕೊಟ್ಟಿತು. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯ ಲಾಕ್‌ಡೌನಿನಲ್ಲಿ, ರಾಜ್ಯ ಸರ್ಕಾರ ಕೇಂದ್ರದ ಆತ್ಮನಿರ್ಭರ ನಿಧಿ (ಪಿಎಂ ಸ್ವನಿಧಿ) ಯೋಜನೆಯಲ್ಲಿ ನೋಂದಾಯಿಸಿದ ಬೀದಿ ವ್ಯಾಪಾರಿಗಳಿಗೆ ತಲಾ 2,000 ರೂ. ಘೋಷಿಸಿತು. ಸುಮಾರು 2.20 ಲಕ್ಷ ಮಂದಿ, 44 ಕೋಟಿ ರೂ. ರಾಜ್ಯದ ನಗರ ಜನಸಂಖ್ಯೆ 2011ರಲ್ಲೇ 2.36 ಕೋಟಿ; ಅದರ ಶೇ 2.5 ಅಂದರೆ 5.9 ಲಕ್ಷ. ಕಾಯ್ದೆಯ ಮಿತಿಯ ಅರ್ಧದಷ್ಟು ಹೆಸರೂ ಪಟ್ಟಿಯಲ್ಲಿ ಇರಲಿಲ್ಲ. ಹಳ್ಳಿಯ ಬಸ್ ಸ್ಟಾಪಿನಲ್ಲೇ ಮಾರುತ್ತಿದ್ದವರ ಹೆಸರು ಆ ಪಟ್ಟಿಗೆ ಬರುವ ದಾರಿಯೇ ಇರಲಿಲ್ಲ. ಬಾಗಿಲು ಹಾಕಿದ್ದು ಇಬ್ಬರ ವ್ಯಾಪಾರಕ್ಕೂ.

ಸಾಲದ ಲೆಕ್ಕದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಮಾರುಕಟ್ಟೆಗಳಲ್ಲಿ ಮೀಟರ್ ಬಡ್ಡಿ ಎಂಬುದೊಂದಿದೆ. ಬೆಳಿಗ್ಗೆ 900 ಕೈಗೆ, ಸಾಯಂಕಾಲ 1,000 ವಾಪಸು. ಮೇಲಿನ ಲೆಕ್ಕದಲ್ಲಿ ಮನೆಗೆ ಹೋಗುವ 150ರಲ್ಲಿ 100 ಹೀಗೇ ಹೋದರೆ ಉಳಿಯುವುದು 50. ವರ್ಷಕ್ಕೆ 208 ಸಂತೆ ದಿನ ಹೀಗೆ ಎತ್ತಿದರೆ ಬಡ್ಡಿಯೇ 20,800 ರೂ. ಬಂಡವಾಳ ಮಾತ್ರ ಎಂದೆಂದೂ ಅದೇ 900. ಇದನ್ನು ತಪ್ಪಿಸಲೆಂದೇ 2018ರ ನವೆಂಬರಿನಲ್ಲಿ ರಾಜ್ಯ ಸರ್ಕಾರ ಸಹಕಾರ ಬ್ಯಾಂಕುಗಳ ಮೂಲಕ 10,000 ರೂ.ವರೆಗೆ ಬಡ್ಡಿಯಿಲ್ಲದ ಸಾಲದ ಬಡವರ ಬಂಧು ಯೋಜನೆ ತಂದಿತು. 2020ರ ಜೂನ್ 1ರಂದು ಕೇಂದ್ರದ ಪಿಎಂ ಸ್ವನಿಧಿ ಬಂತು. ಮೊದಲು 10,000, ಅದು ತೀರಿಸಿದರೆ 20,000, ಆಮೇಲೆ 50,000. ಸರಿಯಾಗಿ ಕಂತು ಕಟ್ಟಿದವರಿಗೆ ವರ್ಷಕ್ಕೆ ಶೇ 7ರ ಬಡ್ಡಿ ಸಹಾಯಧನ. 2025ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇದನ್ನು 2030ರ ಮಾರ್ಚ್ 31ರವರೆಗೆ ಮುಂದುವರಿಸಿ, ಮೊದಲ ಸಾಲವನ್ನು 15,000ಕ್ಕೆ, ಎರಡನೆಯದನ್ನು 25,000ಕ್ಕೆ ಏರಿಸಿತು. ಅಷ್ಟು ಹೊತ್ತಿಗೆ ದೇಶದಲ್ಲಿ 68 ಲಕ್ಷಕ್ಕೂ ಹೆಚ್ಚು ವ್ಯಾಪಾರಿಗಳಿಗೆ 13,797 ಕೋಟಿ ರೂ. ಸಾಲ ಸಂದಿತ್ತು.

ಕಂತು ಬಿಡಿಸಿ ನೋಡೋಣ. 15,000 ರೂ., ಶೇ 12ರ ಬಡ್ಡಿ ಎಂದಿಟ್ಟುಕೊಂಡು 12 ಸಮ ಕಂತು ಹಾಕಿದರೆ ತಿಂಗಳಿಗೆ 1,333 ರೂ. ವರ್ಷದ ಒಟ್ಟು ಬಡ್ಡಿ 993 ರೂ. ಅದರಲ್ಲಿ ಶೇ 7ರ ಪಾಲು, ಸುಮಾರು 580 ರೂ., ವಾಪಸು ಬಂದರೆ ಕೈಯಿಂದ ಹೋದದ್ದು 413 ರೂ. ಮೀಟರ್ ಬಡ್ಡಿಯಲ್ಲಿ 900ಕ್ಕೆ ವರ್ಷಕ್ಕೆ 20,800. ಇಲ್ಲಿ 15,000ಕ್ಕೆ 413. ಈ ಎರಡು ಅಂಕಿಗಳ ನಡುವೆ ಇರುವುದು ಒಂದು ಕಾಗದ. ಗುರುತಿನ ಚೀಟಿ ಇರಬೇಕು, ಇಲ್ಲವೇ ಸಮೀಕ್ಷೆಯಲ್ಲಿ ಹೆಸರಿರಬೇಕು, ಎರಡೂ ಇಲ್ಲದಿದ್ದರೆ ಸ್ಥಳೀಯ ಸಂಸ್ಥೆಯವರು ಶಿಫಾರಸು ಪತ್ರ ಕೊಡಬೇಕು.

ಈ ಶಿಫಾರಸು ಪತ್ರದ ವಿಷಯವನ್ನು ಕಾಮಗೆರೆಯವರು, ಸುತ್ತಲಿನ ಹಳ್ಳಿಗಳವರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಪಟ್ಟಣದ ಸುತ್ತಲ ಹಳ್ಳಿಯಿಂದ ಬಂದು ಪಟ್ಟಣದ ಮಿತಿಯೊಳಗೆ ಮಾರುವವರೂ ಸ್ವನಿಧಿಗೆ ಅರ್ಹರು ಎಂದು ಯೋಜನೆಯ ಮಾರ್ಗಸೂಚಿ 2020ರಿಂದಲೂ ಹೇಳುತ್ತಿದೆ. ಮನೆ ಎಲ್ಲಿದೆ ಎಂಬುದಲ್ಲ, ಮಾರುವುದು ಎಲ್ಲಿ ಎಂಬುದು ಮುಖ್ಯ. ಕಾಮಗೆರೆಯ ಪಡಿತರ ಚೀಟಿ ಇದ್ದರೂ ಕೊಳ್ಳೇಗಾಲದಲ್ಲೋ ಹನೂರಿನಲ್ಲೋ ಹಾಸು ಹಾಕುವವರಿಗೆ ಆ ಪತ್ರ ಕೇಳುವ ಹಕ್ಕಿದೆ. ತನ್ನೂರಿನಲ್ಲೇ ಮಾರುವವರಿಗೆ ಇಲ್ಲ. 2025ರ ಹೊಸ ತೀರ್ಮಾನದಲ್ಲಿ ಗಣತಿ ಪಟ್ಟಣಗಳಿಗೆ, ನಗರದಂಚಿನ ಪ್ರದೇಶಗಳಿಗೆ ಯೋಜನೆಯನ್ನು ಹಂತಹಂತವಾಗಿ ಹರಡುವ ಮಾತಿದೆ. ದಾರಿಯೂರುಗಳನ್ನೂ ಅದರಲ್ಲಿ ಸೇರಿಸಿ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಅವ್ವ ಬೇಡವೆಂದ ಸುಂಕದ ಚೀಟಿ ಇಲ್ಲಿ ಮತ್ತೆ ಬರುತ್ತದೆ. ಇಂಥ ದಿನ, ಇಂಥ ಜಾಗದಲ್ಲಿ, ಇವರು ಕೂತು ಮಾರಿದರು ಎಂದು ಹೇಳುವ ಕಾಗದ ಅದೊಂದೇ. ವರ್ಷಕ್ಕೆ 208 ಚೀಟಿ ಒಂದು ಡಬ್ಬಿಯಲ್ಲಿ ಕೂಡಿದ್ದರೆ ಶಿಫಾರಸು ಪತ್ರ ಕೇಳುವಾಗ ಯಾರ ಕೈಕಾಲೂ ಹಿಡಿಯಬೇಕಿಲ್ಲ. ಅದನ್ನು ಕೊಡದೆ ಹೋದ ಹುಡುಗ ಕೊಂಡುಹೋದದ್ದು 20 ರೂಪಾಯಿ ಮಾತ್ರವಲ್ಲ.

ತಿಂಡಿ ಮಾರುವವರಿಗೆ ಇನ್ನೊಂದು ಕಾಗದ ಇದೆ. 2011ರ ಆಹಾರ ಸುರಕ್ಷತಾ ನಿಯಮಗಳು ವರ್ಷಕ್ಕೆ 12 ಲಕ್ಷ ರೂ.ವರೆಗಿನ ವಹಿವಾಟಿನ ಸಣ್ಣ ವ್ಯಾಪಾರಿಗೆ ಪರವಾನಗಿಯ ಬದಲು ಬರೀ ನೋಂದಣಿ ಸಾಕೆಂದವು. ಆಗ ಇಟ್ಟ ಶುಲ್ಕ ವರ್ಷಕ್ಕೆ 100 ರೂ. ಅದು ಹಳ್ಳಿಗೂ ಪಟ್ಟಣಕ್ಕೂ ಒಂದೇ ಆಗಿತ್ತು. ಇಡ್ಲಿ-ಬೋಂಡದ ಗಾಡಿಗೆ ದಿನಕ್ಕೆ 27 ಪೈಸೆಯ ಖರ್ಚು. ಮಧ್ಯವರ್ತಿಗೆ ಕೊಡದೆ ತಾವೇ ಮಾಡಿಸಿಕೊಂಡರೆ ಅಷ್ಟೇ ಸಾಕಾಗಿತ್ತು.

ಕಾಯ್ದೆ ಬದಲಾಗುವವರೆಗೆ ಕಾಯಬೇಕಿಲ್ಲ ಎಂಬುದು ನನ್ನ ನಂಬಿಕೆ. ಮೇಲೆ ಹಾಕಿದ 100 ಹಾಸಿನ ಸಂತೆಯನ್ನೇ ಮತ್ತೆ ತೆಗೆದುಕೊಳ್ಳಿ. ಪಂಚಾಯಿತಿ ಹರಾಜು ಬಿಟ್ಟು ತಾನೇ ಸುಂಕ ಎತ್ತಿಸಿದರೆ, ಊರಿನ ಸ್ತ್ರೀಶಕ್ತಿ ಸಂಘದ ಇಬ್ಬರಿಗೆ ಅದೇ 500 ರೂ. ಕೂಲಿ ಕೊಟ್ಟರೆ, 1,04,000ದಲ್ಲಿ 52,000 ಕಳೆದು 52,000 ಉಳಿಯುತ್ತದೆ. 1,50,000ದ ಸವಾಲಿಗೆ ಹೋಲಿಸಿದರೆ 98,000 ಕಡಿಮೆ. ಆದರೆ ಆ 98,000 ನಿಗದಿತ ದರದಲ್ಲಿ ಹುಟ್ಟಿದ ಹಣವಲ್ಲ. ದರ ಮೀರಿ ಕಿತ್ತದ್ದು. ಅದನ್ನು ಆದಾಯವೆಂದು ಬಜೆಟ್ಟಿನಲ್ಲಿ ಬರೆಯುವುದಕ್ಕೇ ನನಗೆ ಒಪ್ಪಿಗೆಯಿಲ್ಲ. ಹರಾಜೇ ಬೇಕೆಂದರೆ ದರದ ಫಲಕವನ್ನು ಸಂತೆಯ ಬಾಗಿಲಲ್ಲಿ ಆಳೆತ್ತರಕ್ಕೆ ಬರೆಸಲಿ, ಸುಂಕವನ್ನು ಪುಟ್ಟಿಗಲ್ಲ ಚದರ ಅಡಿಗೆ ಕಟ್ಟಲಿ, ಪುಟಸಂಖ್ಯೆ ಹಾಕಿದ ಚೀಟಿ ಪುಸ್ತಕ ಪಂಚಾಯಿತಿಯಿಂದಲೇ ಹೋಗಲಿ, ಉಳಿದ ಅಡಿಚೀಟಿ ವಾಪಸು ಬರಲಿ. ಗುತ್ತಿಗೆಯ ಕರಾರಿನಲ್ಲಿ ನಾಲ್ಕು ಸಾಲು ಸೇರಿಸಿದರೆ ಆಗುವ ಕೆಲಸ ಇದು. ಬಂದ ಹಣದಲ್ಲಿ ಮೊದಲ ಖರ್ಚು ಹೆಂಗಸರಿಗೊಂದು ಶೌಚಾಲಯ ಆಗಬೇಕು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರು ಸಂಜೆವರೆಗೆ ನೀರು ಕುಡಿಯದೆ ಕೂರುತ್ತಾರೆ, ಯಾಕೆಂದು ಕೇಳಿದರೆ ತಲೆ ತಗ್ಗಿಸುತ್ತಾರೆ.

ಮುಂದಿನ ವಾರ ಅದೇ ಸಂತೆಗೆ ಹೋದೆ. ಈ ಲೆಕ್ಕವನ್ನೆಲ್ಲ ಅವ್ವನಿಗೆ ಆದಷ್ಟು ಬಿಡಿಸಿ ಹೇಳಿದೆ. ನಿಂಬೆಹಣ್ಣಿನ ಗುಡ್ಡೆ ಸರಿಮಾಡುತ್ತ ಕೇಳಿಸಿಕೊಂಡರು. ಸುಂಕದ ಹುಡುಗ ಬಂದಾಗ ನೋಟು ಕೊಟ್ಟು ಕೈ ಹಾಗೇ ಚಾಚಿಕೊಂಡಿದ್ದರು.

"ಚೀಟಿಯ ಕೊಡು ಮಗ."

ಹುಡುಗ ಒಂದು ಗಳಿಗೆ ನಿಂತ. ಅಂಗಿ ಜೇಬಿನಿಂದ ಮಡಚಿದ ಪುಸ್ತಕ ತೆಗೆದು ಒಂದು ಹಾಳೆ ಹರಿದುಕೊಟ್ಟ. ಅದರಲ್ಲಿ ಅಚ್ಚಾಗಿದ್ದ ದರ 10 ರೂಪಾಯಿ.